ಒಂದು ಹಲ್ಲಿನ ಬೆಲೆ, ಹತ್ತು ಹಲ್ಲಿನ ಬೆಲೆ

ಹಲ್ಲಿನ ಹೊರಮೈಯನ್ನು ಮಾತ್ರ ಮುಚ್ಚುವಂತೆ ಅಂಟಿಸುವ, ಸಾಮಾನ್ಯವಾಗಿ 0.3ರಿಂದ 0.7 ಮಿಲಿಮೀಟರ್ ದಪ್ಪದ ಪಿಂಗಾಣಿ ಅಥವಾ ರಾಳದ ಹೊದಿಕೆಯನ್ನು ದಂತವೈದ್ಯಕೀಯದಲ್ಲಿ ವೆನೀರ್ ಎನ್ನುತ್ತಾರೆ. ಹಲ್ಲನ್ನು ಸುತ್ತಲೂ ತೇಯ್ದು ಪೂರ್ತಿಯಾಗಿ ಮುಚ್ಚುವ ಕ್ಯಾಪ್ ಚಿಕಿತ್ಸೆಗೆ ಹೋಲಿಸಿದರೆ ಇದರಲ್ಲಿ ನಷ್ಟವಾಗುವ ಹಲ್ಲಿನ ಭಾಗ ಬಹಳ ಕಡಿಮೆ. ಆದರೆ ಕಡಿಮೆ ಎಂಬುದು ಏನೂ ಇಲ್ಲ ಎಂದಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳನ್ನು ಒಳಗೊಂಡ ಉತ್ತರ ಬೆಂಗಳೂರಿನ ದಂತ ಚಿಕಿತ್ಸಾಲಯಗಳಲ್ಲಿ ಈ ಚಿಕಿತ್ಸೆಯ ದರವನ್ನು ಹಲ್ಲೊಂದಕ್ಕೆ ಇಷ್ಟು ಎಂದು ಹೇಳುವುದೇ ವಾಡಿಕೆ, ಮತ್ತು ಆ ದರ ಕೇಳಿದವರ ಮನಸ್ಸಿನಲ್ಲಿ ಮೊದಲು ಹುಟ್ಟುವ ಪ್ರಶ್ನೆ, ಹಲ್ಲುಗಳ ಸಂಖ್ಯೆ ಹೆಚ್ಚಾದರೆ ದರ ಇಳಿಯುವುದೇ ಎಂಬುದು. ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಈರುಳ್ಳಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವವರಿಗಿಂತ ಮೂಟೆ ಲೆಕ್ಕದಲ್ಲಿ ಕೊಳ್ಳುವವರಿಗೆ ಅಗ್ಗವಾಗಿ ಸಿಗುವುದನ್ನು ಕಂಡವರು ಹಲ್ಲಿನ ವಿಷಯದಲ್ಲೂ ಹಾಗೆಯೇ ಆಗಬೇಕೆಂದು ನಿರೀಕ್ಷಿಸುವುದು ಸಹಜ. ಆ ನಿರೀಕ್ಷೆ ಎಷ್ಟರ ಮಟ್ಟಿಗೆ ಸರಿ, ಎಲ್ಲಿ ಅದು ರೋಗಿಗೆ ನಷ್ಟ ತರುತ್ತದೆ ಎಂಬುದನ್ನು ತಿಳಿಯಲು ವೆನೀರನ್ನು ಹಲ್ಲಿಗೆ ಅಂಟಿಸುವ ರಸಾಯನಶಾಸ್ತ್ರವನ್ನೂ ಅದು ಬಾಯಲ್ಲಿ ಬಾಳುವ ಕಾಲವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಮೊದಲು ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬಹುದು. ಭಾರತದ ದಂತವೈದ್ಯರು ಬಳಸುವ ಎಫ್‌ಡಿಐ ಪದ್ಧತಿಯಲ್ಲಿ ಬಾಯಿಯನ್ನು ನಾಲ್ಕು ಭಾಗ ಮಾಡಿ, ರೋಗಿಯ ಮೇಲಿನ ಬಲಭಾಗಕ್ಕೆ 1, ಮೇಲಿನ ಎಡಭಾಗಕ್ಕೆ 2 ಎಂಬ ಅಂಕಿಯನ್ನು ಕೊಟ್ಟು, ಅದರ ಮುಂದೆ ನಡುಗೆರೆಯಿಂದ ಎಣಿಸಿದ ಹಲ್ಲಿನ ಕ್ರಮಾಂಕವನ್ನು ಬರೆಯುತ್ತಾರೆ. ಹೀಗಾಗಿ ಮೇಲಿನ ನಡುವಿನ ಎರಡು ಬಾಚಿಹಲ್ಲುಗಳು 11 ಮತ್ತು 21, ಕೋರೆಹಲ್ಲುಗಳು 13 ಮತ್ತು 23, ಅವುಗಳ ಹಿಂದಿನ ಮುಂದವಡೆ ಹಲ್ಲುಗಳು 14, 15 ಮತ್ತು 24, 25 ಆಗುತ್ತವೆ. ನಕ್ಕಾಗ ಹೆಚ್ಚಿನವರಲ್ಲಿ ಮೇಲಿನ ಆರು ಮುಂಭಾಗದ ಹಲ್ಲುಗಳ ಜೊತೆಗೆ ಒಂದೋ ಎರಡೋ ಜೊತೆ ಮುಂದವಡೆ ಹಲ್ಲುಗಳೂ ಕಾಣುತ್ತವೆ. ಎಂಟು ಅಥವಾ ಹತ್ತು ವೆನೀರ್‌ಗಳ ಯೋಜನೆಗಳು ಹುಟ್ಟುವುದು ಈ ಕಾಣುವ ಅಗಲದಿಂದಲೇ. ಆದರೆ ಕಾಣುವ ಹಲ್ಲುಗಳ ಸಂಖ್ಯೆ ಬೇರೆ, ದೋಷವಿರುವ ಹಲ್ಲುಗಳ ಸಂಖ್ಯೆ ಬೇರೆ. ಚಿಕಿತ್ಸೆಯ ಸಂಖ್ಯೆಯನ್ನು ಎರಡನೆಯದು ನಿರ್ಧರಿಸಬೇಕಾದ ಕಡೆ ಮೊದಲನೆಯದು ನಿರ್ಧರಿಸಿದಾಗ ವೆಚ್ಚ ಅನಗತ್ಯವಾಗಿ ಏರುತ್ತದೆ.

ದೋಷದ ಕಾರಣವು ಸಂಖ್ಯೆಯನ್ನು ಬಹುಮಟ್ಟಿಗೆ ಮೊದಲೇ ಹೇಳಿಬಿಡುತ್ತದೆ. ಬಿದ್ದು ಅಥವಾ ಪೆಟ್ಟಾಗಿ ಮುರಿಯುವುದು ಹೆಚ್ಚಾಗಿ ಮೇಲಿನ ನಡುವಿನ ಬಾಚಿಹಲ್ಲು, ಅಂದರೆ ಒಂದು ಅಥವಾ ಎರಡು ಹಲ್ಲು. ಹಾಲುಹಲ್ಲಿನ ಬುಡದಲ್ಲಿ ಕೀವಾಗಿ ಅಥವಾ ಅದಕ್ಕೆ ಪೆಟ್ಟಾಗಿ, ಅದರ ಕೆಳಗೆ ರೂಪುಗೊಳ್ಳುತ್ತಿದ್ದ ಶಾಶ್ವತ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕೆಟ್ಟಿದ್ದರೆ ಅದೂ ಸಾಮಾನ್ಯವಾಗಿ ಒಂದೇ ಹಲ್ಲಿಗೆ ಸೀಮಿತ. ನಡುವಿನ ಸಂದಿಯನ್ನು ಮುಚ್ಚಲು ಎರಡು, ಅಗಲದ ಪ್ರಮಾಣ ಹೊಂದಿಸಬೇಕಾದರೆ ನಾಲ್ಕು ಹಲ್ಲು ಸಾಕಾಗುತ್ತವೆ. ಇವುಗಳಿಗಿಂತ ಪೂರ್ತಿ ಭಿನ್ನವಾದದ್ದು ಫ್ಲೋರೋಸಿಸ್, ಅಂದರೆ ಎನಾಮಲ್ ಕಟ್ಟುವ ಬಾಲ್ಯದ ವರ್ಷಗಳಲ್ಲಿ ಕುಡಿಯುವ ನೀರಿನ ಮೂಲಕ ಅತಿಯಾದ ಫ್ಲೋರೈಡ್ ದೇಹ ಸೇರಿದಾಗ ಹಲ್ಲಿನ ಮೇಲೆ ಕಾಣಿಸುವ ಬಿಳಿ ಗೆರೆ, ಸುಣ್ಣದಂತಹ ಮಚ್ಚೆ, ಕಂದು ಕಲೆಗಳ ಸ್ಥಿತಿ.

ಉತ್ತರ ಬೆಂಗಳೂರಿನ ಮಟ್ಟಿಗೆ ಈ ಕೊನೆಯ ಕಾರಣ ಮುಖ್ಯವಾದದ್ದು. ಬಳ್ಳಾರಿ ರಸ್ತೆ ಹೆಬ್ಬಾಳ ದಾಟಿ, ಯಲಹಂಕ ದಾಟಿ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಕಡೆಗೆ ಸಾಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳು ಮತ್ತು ತುಮಕೂರು ಜಿಲ್ಲೆಯ ಪಾವಗಡ ಭಾಗ ಅಂತರ್ಜಲದ ಫ್ಲೋರೈಡ್ ಸಮಸ್ಯೆಗೆ ಬಹುಕಾಲದಿಂದ ಹೆಸರಾಗಿವೆ. ಗ್ರಾನೈಟ್ ಜಾತಿಯ ಬಂಡೆಗಳ ಬಿರುಕಿನಲ್ಲಿ ದೀರ್ಘಕಾಲ ನಿಂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ, ಮತ್ತು ಕೊಳವೆಬಾವಿಯಲ್ಲಿ ಮೇಲೆ ಬರುವುದು ಅದೇ ನೀರು. ಭಾರತೀಯ ಮಾನಕ ಬ್ಯೂರೋದ 10500 ಸಂಖ್ಯೆಯ ಕುಡಿಯುವ ನೀರಿನ ಮಾನಕದಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿನ ಫ್ಲೋರೈಡಿರುವ ನೀರನ್ನು ಕುಡಿದು ಬೆಳೆದು, ಮುಂದೆ ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಬಂದವರ ಹಲ್ಲಿನಲ್ಲಿ ಆ ಊರಿನ ನೀರಿನ ಗುರುತು ಉಳಿದಿರುತ್ತದೆ.

ಫ್ಲೋರೋಸಿಸ್‌ನಲ್ಲಿ ಹಲ್ಲುಗಳ ಸಂಖ್ಯೆ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಎನಾಮಲ್ ಕಟ್ಟುವ ವೇಳಾಪಟ್ಟಿಯಲ್ಲಿದೆ. ಮೇಲಿನ ನಡುವಿನ ಬಾಚಿಹಲ್ಲಿನ ಎನಾಮಲ್ ಮಗುವಿಗೆ ಮೂರು ನಾಲ್ಕು ತಿಂಗಳಾದಾಗ ಆರಂಭವಾಗಿ ನಾಲ್ಕು ಐದು ವರ್ಷಕ್ಕೆ ಮುಗಿಯುತ್ತದೆ. ಕೋರೆಹಲ್ಲಿನದು ಆರು ಏಳು ವರ್ಷದವರೆಗೆ, ಮುಂದವಡೆ ಹಲ್ಲುಗಳದು ಎರಡು ವರ್ಷದ ಆಸುಪಾಸಿನಿಂದ ಏಳು ವರ್ಷದವರೆಗೆ ನಡೆಯುತ್ತದೆ. ಈ ಅವಧಿಯುದ್ದಕ್ಕೂ ಒಂದೇ ಕೊಳವೆಬಾವಿಯ ನೀರು ಕುಡಿದ ಮಗುವಿನಲ್ಲಿ ಎಲ್ಲ ಹಲ್ಲುಗಳೂ, ಎಡಬಲಗಳಲ್ಲಿ ಬಹುಮಟ್ಟಿಗೆ ಸಮನಾಗಿ, ಬಾಧೆಗೊಳಗಾಗುತ್ತವೆ. ಆದ್ದರಿಂದ ಬಿದ್ದು ಹಲ್ಲು ಮುರಿದುಕೊಂಡವರಿಗೆ ಬೇಕಾಗುವ ಚಿಕಿತ್ಸೆ ಒಂದು ಹಲ್ಲಿಗೆ ಸೀಮಿತವಾದರೆ, ತೀವ್ರ ಫ್ಲೋರೋಸಿಸ್ ಇರುವವರ ಮುಂದೆ ನೇರವಾಗಿ ಎಂಟು ಹತ್ತು ಹಲ್ಲುಗಳ ಲೆಕ್ಕ ಬಂದು ನಿಲ್ಲುತ್ತದೆ. ಶುದ್ಧ ನೀರು ಸಿಗದ ಕುಟುಂಬದಲ್ಲಿ ಹುಟ್ಟಿದವರೇ ಮುಂದೆ ಅತಿ ಹೆಚ್ಚು ಹಲ್ಲುಗಳ ವೆಚ್ಚ ಹೊರಬೇಕಾಗಿ ಬರುವುದು ಈ ವಿಷಯದ ಅತ್ಯಂತ ನೋವಿನ ಅಂಶ. 2008-09ರಲ್ಲಿ ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಬೆಂಗಳೂರಿನ ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಹಲ್ಲಿನ ದೃಷ್ಟಿಯಿಂದ ಸುರಕ್ಷಿತ ನೀರಿನ ಪೂರೈಕೆಗಿಂತ ಅಗ್ಗದ ಚಿಕಿತ್ಸೆ ಬೇರೊಂದಿಲ್ಲ.

ಇನ್ನು ಬಿಲ್ಲಿನ ಒಳಗೆ ಏನಿದೆ ಎಂಬ ಪ್ರಶ್ನೆ. ವೆನೀರ್ ಚಿಕಿತ್ಸೆಯ ವೆಚ್ಚವನ್ನು ಎರಡು ಭಾಗವಾಗಿ ಬಿಡಿಸಬಹುದು. ಮೊದಲನೆಯದು ಹಲ್ಲು ಒಂದಿರಲಿ ಹತ್ತಿರಲಿ ಬಹುಮಟ್ಟಿಗೆ ಬದಲಾಗದ ಭಾಗ: ತಪಾಸಣೆ, ಎಕ್ಸ್‌ರೇ, ಫೋಟೊಗಳು, ಹಲ್ಲು ಸ್ವಚ್ಛ ಮಾಡುವುದು, ಬಾಯಿಯ ಅಳತೆ ತೆಗೆಯುವುದು ಅಥವಾ ಸ್ಕ್ಯಾನ್ ಮಾಡುವುದು, ಕಚ್ಚುವ ರೀತಿಯನ್ನು ದಾಖಲಿಸುವುದು. ಯಲಹಂಕದಿಂದ ಹೆಬ್ಬಾಳದ ದಟ್ಟಣೆ ದಾಟಿ ಬಂದುಹೋಗುವ ಸಮಯ, ಅರ್ಧ ದಿನದ ರಜೆ ಇವೂ ಇದೇ ಭಾಗಕ್ಕೆ ಸೇರುತ್ತವೆ, ಏಕೆಂದರೆ ಎರಡು ಹಲ್ಲಿಗೂ ಎಂಟು ಹಲ್ಲಿಗೂ ಭೇಟಿಗಳ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ. ಎರಡನೆಯದು ಪ್ರತಿ ಹಲ್ಲಿಗೂ ಮೊದಲಿನಿಂದ ಆರಂಭವಾಗುವ ಭಾಗ: ತೇಯುವ ಕೆಲಸ, ತಾತ್ಕಾಲಿಕ ಹೊದಿಕೆ, ಪ್ರಯೋಗಾಲಯದ ಶುಲ್ಕ, ಅಂಟು, ಅಂಟಿಸುವ ಸಮಯ, ಕೊನೆಯ ಹೊಳಪು. ಮೊದಲ ಭಾಗ ಹಲ್ಲುಗಳ ನಡುವೆ ಹಂಚಿಹೋಗುತ್ತದೆ, ಎರಡನೆಯದು ಹಂಚಿಹೋಗುವುದಿಲ್ಲ.

ಎರಡನೆಯ ಭಾಗ ಏಕೆ ಹಂಚಿಹೋಗುವುದಿಲ್ಲ ಎಂಬುದು ವೆನೀರಿನ ಇತಿಹಾಸದಿಂದ ಸ್ಪಷ್ಟವಾಗುತ್ತದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರಿಗೆ ಮಾಡಿಕೊಡುತ್ತಿದ್ದ ಹೊದಿಕೆಗಳು ಚಿತ್ರೀಕರಣದ ಹೊತ್ತಿಗೆ ಮಾತ್ರ ನಿಲ್ಲುವಂಥವು, ಏಕೆಂದರೆ ಹಲ್ಲಿಗೆ ಏನನ್ನಾದರೂ ಶಾಶ್ವತವಾಗಿ ಅಂಟಿಸುವ ವಿದ್ಯೆ ಆಗ ಇರಲಿಲ್ಲ. 1955ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಮೈಕೆಲ್ ಬುವನೊಕೋರ್, ಫಾಸ್ಫಾರಿಕ್ ಆಮ್ಲವನ್ನು ಎನಾಮಲ್ ಮೇಲೆ ಕ್ಷಣಕಾಲ ಹಚ್ಚಿ ತೊಳೆದರೆ ಅದರ ಮೈ ಸೂಕ್ಷ್ಮವಾಗಿ ಒರಟಾಗಿ ರಾಳಕ್ಕೆ ಗಟ್ಟಿ ಹಿಡಿತ ಸಿಗುತ್ತದೆ ಎಂದು ತೋರಿಸಿದರು. 1960ರ ದಶಕದ ಆರಂಭದಲ್ಲಿ ರಫಾಯೆಲ್ ಬೋವೆನ್ ಇಂದಿಗೂ ಬಳಕೆಯಲ್ಲಿರುವ ಬಿಸ್-ಜಿಎಂಎ ಎಂಬ ರಾಳವನ್ನು ರೂಪಿಸಿದರು. 1983ರಲ್ಲಿ ರಿಚರ್ಡ್ ಸೈಮನ್ಸನ್ ಮತ್ತು ಜಾನ್ ಕಲಾಮಿಯಾ, ಹೈಡ್ರೋಫ್ಲೋರಿಕ್ ಆಮ್ಲದಿಂದ ಪಿಂಗಾಣಿಯ ಒಳಮೈಯನ್ನೂ ಒರಟು ಮಾಡಿದರೆ ರಾಳದೊಂದಿಗೆ ಅದರ ಬೆಸುಗೆ ಬಹಳ ಬಲವಾಗುತ್ತದೆ ಎಂದು ಪ್ರಕಟಿಸಿದ ಮೇಲೆ ಪಿಂಗಾಣಿ ವೆನೀರ್ ಶಾಶ್ವತ ಚಿಕಿತ್ಸೆಯಾಗಿ ನೆಲೆಗೊಂಡಿತು.

ಈ ಮೂರೂ ಆವಿಷ್ಕಾರಗಳು ಇಂದು ಪ್ರತಿ ಹಲ್ಲಿನ ಮೇಲೂ ಮರುಕಳಿಸುತ್ತವೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜುಜಾತಿಯ ಪಿಂಗಾಣಿಯಾದರೆ ಅದರ ಒಳಮೈಗೆ ಸುಮಾರು 20 ಸೆಕೆಂಡು ಹೈಡ್ರೋಫ್ಲೋರಿಕ್ ಆಮ್ಲ, ತೊಳೆದು ಒಣಗಿಸಿದ ಮೇಲೆ ಪಿಂಗಾಣಿಯನ್ನೂ ರಾಳವನ್ನೂ ಕೂಡಿಸುವ ಸಿಲೇನ್ ಎಂಬ ದ್ರವ, ಹಲ್ಲಿನ ಎನಾಮಲ್‌ಗೆ ಫಾಸ್ಫಾರಿಕ್ ಆಮ್ಲ, ಮತ್ತೆ ತೊಳೆತ, ಅಂಟಿನ ಲೇಪ, ರಾಳದ ಸಿಮೆಂಟ್, ನೀಲಿ ಬೆಳಕಿನಿಂದ ಗಟ್ಟಿಯಾಗಿಸುವುದು, ಹೊರಚೆಲ್ಲಿದ ಸಿಮೆಂಟನ್ನು ವಸಡಿನ ಅಂಚಿನಿಂದ ಬಿಡಿಸುವುದು. ಇಡೀ ಹೊತ್ತು ಎಂಜಲಿನ ಒಂದು ಹನಿಯೂ ಆ ಮೈಯನ್ನು ಮುಟ್ಟಬಾರದು. ಹತ್ತು ಹಲ್ಲಿದ್ದರೆ ಈ ಸರಣಿಯನ್ನು ಹತ್ತು ಹಲ್ಲಿಗೂ ಅಷ್ಟೇ ಎಚ್ಚರದಿಂದ ಮಾಡಬೇಕು. ಪ್ರಯೋಗಾಲಯದಲ್ಲಿ ಮಾತ್ರ ಸ್ವಲ್ಪ ಹಂಚಿಕೆ ಸಾಧ್ಯ, ಏಕೆಂದರೆ ಕುಲುಮೆಯ ಒಂದೇ ಸುತ್ತಿನಲ್ಲಿ ಹಲವು ವೆನೀರ್‌ಗಳನ್ನು ಸುಡಬಹುದು. ಆದರೆ ಪ್ರತಿಯೊಂದರ ಆಕಾರ, ಅಂಚು, ಬಣ್ಣಗಳನ್ನು ಕುಶಲಕರ್ಮಿ ಬಿಡಿಬಿಡಿಯಾಗಿಯೇ ತಿದ್ದಬೇಕು.

ಇದನ್ನು ಅಂಕಿಗಳಲ್ಲಿ ನೋಡಲು ಒಂದು ಊಹಾ ಲೆಕ್ಕವನ್ನು ಇಟ್ಟುಕೊಳ್ಳಬಹುದು. ಇವು ಯಾವ ಚಿಕಿತ್ಸಾಲಯದ ದರವೂ ಅಲ್ಲ, ತರ್ಕವನ್ನು ತೋರಿಸಲು ಆರಿಸಿದ ಸಂಖ್ಯೆಗಳು. ಬದಲಾಗದ ಭಾಗ 8,000 ರೂಪಾಯಿ, ಪ್ರತಿ ಹಲ್ಲಿನ ಭಾಗ 10,000 ರೂಪಾಯಿ ಎಂದುಕೊಂಡರೆ, ಒಂದು ಹಲ್ಲಿಗೆ ಒಟ್ಟು 18,000 ಆಗುತ್ತದೆ. ಎರಡು ಹಲ್ಲಿಗೆ 28,000, ಅಂದರೆ ಹಲ್ಲೊಂದಕ್ಕೆ 14,000. ನಾಲ್ಕಕ್ಕೆ 48,000, ಹಲ್ಲೊಂದಕ್ಕೆ 12,000. ಆರಕ್ಕೆ 68,000, ಹಲ್ಲೊಂದಕ್ಕೆ ಸುಮಾರು 11,333. ಹತ್ತಕ್ಕೆ 1,08,000, ಹಲ್ಲೊಂದಕ್ಕೆ 10,800. ಒಂದರಿಂದ ಎರಡಕ್ಕೆ ಹೋದಾಗ ಹಲ್ಲೊಂದರ ದರ 4,000 ರೂಪಾಯಿ ಇಳಿದರೆ, ಆರರಿಂದ ಹತ್ತಕ್ಕೆ ಹೋದಾಗ ಇಳಿಯುವುದು ಸುಮಾರು 533 ರೂಪಾಯಿ ಮಾತ್ರ, ಒಟ್ಟು ಮೊತ್ತವಾದರೋ 40,000 ಏರುತ್ತದೆ. ಮೊದಲ ಕೆಲವು ಹಲ್ಲುಗಳಲ್ಲೇ ಹಂಚಿಕೆಯ ಲಾಭ ಬಹುತೇಕ ಮುಗಿದುಹೋಗುತ್ತದೆ. ಆಮೇಲೆ ವೆಚ್ಚ ಸಂಖ್ಯೆಯ ಜೊತೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಪ್ಯಾಕೇಜಿನ ಹೆಸರಿನಲ್ಲಿ ಹೇಳುವ ರಿಯಾಯಿತಿ ಇದಕ್ಕಿಂತ ಬಹಳ ದೊಡ್ಡದಾಗಿದ್ದರೆ, ಅದು ವಸ್ತುವಿನಿಂದಲೋ ಸಮಯದಿಂದಲೋ ಲಾಭಾಂಶದಿಂದಲೋ ಬಂದಿರಲೇಬೇಕು, ಮತ್ತು ಎಲ್ಲಿಂದ ಎಂದು ಕೇಳುವ ಹಕ್ಕು ರೋಗಿಗಿದೆ.

ಒಂದೇ ಹಲ್ಲಿನ ದರ ಹೆಚ್ಚಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಬೆಳಕಿಗೆ ಸಂಬಂಧಿಸಿದ್ದು. ಹಲ್ಲಿನ ಬಣ್ಣ ಮೇಲ್ಮೈಯ ಬಣ್ಣವಲ್ಲ. ತೂಕದಲ್ಲಿ ಸುಮಾರು 96 ಪ್ರತಿಶತ ಖನಿಜವಿರುವ ಎನಾಮಲ್ ಅರೆಪಾರದರ್ಶಕವಾಗಿದ್ದು, ಅದರ ಮೂಲಕ ಒಳಹೊಕ್ಕ ಬೆಳಕು ಒಳಗಿನ ಹಳದಿ ಛಾಯೆಯ ಡೆಂಟಿನ್ ಪದರದಿಂದ ಚದುರಿ ಹೊರಬರುತ್ತದೆ. ವಸಡಿನ ಬಳಿ ಎನಾಮಲ್ ತೆಳು, ಕಚ್ಚುವ ಅಂಚಿನ ಕಡೆ ದಪ್ಪ, ಹಾಗಾಗಿ ಒಂದೇ ಹಲ್ಲಿನಲ್ಲಿ ಹಲವು ಛಾಯೆಗಳಿರುತ್ತವೆ. 11ನೇ ಹಲ್ಲಿಗೆ ಮಾತ್ರ ವೆನೀರ್ ಹಾಕುವಾಗ ಪಕ್ಕದ 21ನೇ ಸಹಜ ಹಲ್ಲಿನ ಈ ಎಲ್ಲ ಛಾಯೆಗಳನ್ನೂ ಅರ್ಧ ಮಿಲಿಮೀಟರ್ ಪಿಂಗಾಣಿಯಲ್ಲಿ ಮರುಸೃಷ್ಟಿಸಬೇಕಾಗುತ್ತದೆ, ಮತ್ತು ಬಣ್ಣ ಹೊಂದದಿದ್ದರೆ ಪ್ರಯೋಗಾಲಯಕ್ಕೆ ಮರಳಿಸಿ ಮತ್ತೆ ಮಾಡಿಸಬೇಕಾಗುತ್ತದೆ. ಎರಡು ನಡುಹಲ್ಲುಗಳನ್ನೂ ಒಟ್ಟಿಗೆ ಮಾಡಿದರೆ ಅವು ಪರಸ್ಪರ ಹೊಂದಿದರೆ ಸಾಕು. ಆದ್ದರಿಂದಲೇ ಕೆಲವೊಮ್ಮೆ ವೈದ್ಯರು ಒಂದರ ಬದಲು ಎರಡನ್ನು ಸೂಚಿಸುತ್ತಾರೆ. ಆ ಸೂಚನೆಯ ಹಿಂದೆ ಕಸುಬಿನ ಕಾರಣವಿದೆ ಎಂಬುದು ನಿಜ. ಆದರೂ ಆರೋಗ್ಯವಾಗಿರುವ ಹಲ್ಲನ್ನು ಬಣ್ಣದ ಅನುಕೂಲಕ್ಕಾಗಿ ತೇಯುವ ಮುನ್ನ, ಒಂದೇ ಹಲ್ಲನ್ನು ಹೊಂದಿಸಬಲ್ಲ ನುರಿತ ಕೈಗೆ ಹೆಚ್ಚು ಹಣ ಕೊಡುವುದೇ ಸರಿಯಾದ ವ್ಯವಹಾರ.

ರಾಳ ಮತ್ತು ಸೂಕ್ಷ್ಮ ಗಾಜಿನ ಕಣಗಳ ಮಿಶ್ರಣವಾದ ಕಾಂಪೋಸಿಟ್ ವೆನೀರ್‌ನಲ್ಲಿ ಪ್ರಯೋಗಾಲಯದ ಪಾತ್ರವಿಲ್ಲ. ವೈದ್ಯರೇ ಕುರ್ಚಿಯ ಬಳಿ ಪದರ ಪದರವಾಗಿ ಕಟ್ಟುತ್ತಾರೆ. ದರ ಕಡಿಮೆ, ಒಡೆದರೆ ಅಲ್ಲಿಯೇ ತಿದ್ದಬಹುದು, ಆದರೆ ಕಾಫಿ, ಚಹಾ, ಎಲೆಅಡಿಕೆಗಳ ಕಲೆ ಇದಕ್ಕೆ ಬೇಗ ಹಿಡಿಯುತ್ತದೆ ಮತ್ತು ಬಾಳಿಕೆ ಪಿಂಗಾಣಿಗಿಂತ ಕಡಿಮೆ. ಕೆಲಸವೆಲ್ಲ ಕೈಯದೇ ಆದ್ದರಿಂದ ಸಂಖ್ಯೆ ಹೆಚ್ಚಿದಂತೆ ಸಮಯವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಒಂದೆರಡು ಹಲ್ಲಿಗೆ ಇದು ಉತ್ತಮ ಆಯ್ಕೆಯಾಗುವ ಸಂದರ್ಭಗಳು ಬಹಳ.

ಸಂಖ್ಯೆಯ ನಿಜವಾದ ಭಾರ ಕಾಣುವುದು ಮೊದಲ ಬಿಲ್ಲಿನಲ್ಲಲ್ಲ, ಮುಂದಿನ ವರ್ಷಗಳಲ್ಲಿ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಸಂಶೋಧಕರು 84 ರೋಗಿಗಳ 318 ಪಿಂಗಾಣಿ ವೆನೀರ್‌ಗಳನ್ನು ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದ ಕೊನೆಗೆ ಸುಮಾರು 93.5 ಪ್ರತಿಶತ, ಇಪ್ಪತ್ತು ವರ್ಷದ ಕೊನೆಗೆ ಸುಮಾರು 83 ಪ್ರತಿಶತ ವೆನೀರ್‌ಗಳು ಉಳಿದಿರುತ್ತವೆ. ಹಲ್ಲಿನ ಚಿಕಿತ್ಸೆಯ ಜಗತ್ತಿನಲ್ಲಿ ಇದು ಬಹಳ ಒಳ್ಳೆಯ ಫಲಿತಾಂಶ. ಆದರೆ ಈ ಅಂಕಿ ಒಂದೊಂದು ವೆನೀರಿನದು, ಒಬ್ಬ ವ್ಯಕ್ತಿಯ ಬಾಯಿಯದಲ್ಲ. ಪ್ರತಿಯೊಂದೂ ಇನ್ನೊಂದರಿಂದ ಸ್ವತಂತ್ರವಾಗಿ ಉಳಿಯುತ್ತದೆ ಎಂದು ಭಾವಿಸಿದರೆ, ಹತ್ತು ವರ್ಷ ಎಲ್ಲವೂ ಉಳಿಯುವ ಸಂಭವನೀಯತೆಯನ್ನು 0.935 ಎಂಬ ಸಂಖ್ಯೆಯನ್ನು ಹಲ್ಲುಗಳಿದ್ದಷ್ಟು ಬಾರಿ ಗುಣಿಸಿ ಪಡೆಯಬೇಕು: ಎರಡು ವೆನೀರ್‌ಗಳಿಗೆ ಅದು 87 ಪ್ರತಿಶತ, ಆರಕ್ಕೆ 67, ಹತ್ತಕ್ಕೆ 51. ಅಂದರೆ ಹತ್ತು ವೆನೀರ್ ಹಾಕಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹತ್ತು ವರ್ಷದೊಳಗೆ ಕನಿಷ್ಠ ಒಂದನ್ನಾದರೂ ಬದಲಿಸಬೇಕಾಗುತ್ತದೆ. ಇಪ್ಪತ್ತು ವರ್ಷಕ್ಕೆ ಆ ಪ್ರಮಾಣ 85 ಪ್ರತಿಶತದ ಹತ್ತಿರ ಹೋಗುತ್ತದೆ. ವಾಸ್ತವದಲ್ಲಿ ಸೋಲುಗಳು ಕೆಲವರ ಬಾಯಲ್ಲೇ ಗುಂಪುಗೂಡುತ್ತವೆ: ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ವೆನೀರ್‌ಗಳು ಹೆಚ್ಚಾಗಿ ಸೋಲುತ್ತವೆ ಎಂದು ಅದೇ ಅಧ್ಯಯನ ಕಂಡುಕೊಂಡಿತು. ಹಾಗಾಗಿ ಹಲ್ಲು ಕಡಿಯುವ ಅಭ್ಯಾಸವಿಲ್ಲದವರಿಗೆ ಮೇಲಿನ ಲೆಕ್ಕಕ್ಕಿಂತ ಸ್ಥಿತಿ ಉತ್ತಮ, ಇರುವವರಿಗೆ ಇನ್ನೂ ಕೆಟ್ಟದು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ವೆನೀರ್‌ಗಳನ್ನು ಒಟ್ಟಿಗೆ ಹಾಕಿಸಬಹುದಾದರೂ ಅವು ಒಡೆಯುವುದು ಒಂದೊಂದಾಗಿ. ಬದಲಿಸುವಾಗ ರೋಗಿ ಮತ್ತೆ ಒಂದು ಹಲ್ಲಿನ ದರವನ್ನೇ ಕೊಡಬೇಕು, ಬಣ್ಣ ಹೊಂದಿಸುವ ಕಷ್ಟವೂ ಮೊದಲಿನಂತೆಯೇ ಎದುರಾಗುತ್ತದೆ. ಮೇಲಿನ ಊಹಾ ಲೆಕ್ಕದಲ್ಲಿ ಆರರಿಂದ ಹತ್ತಕ್ಕೆ ಹೋದದ್ದರಿಂದ ಸಿಕ್ಕ ಉಳಿತಾಯ ಹತ್ತು ಹಲ್ಲಿಗೂ ಸೇರಿ ಸುಮಾರು 5,300 ರೂಪಾಯಿ. ಹೆಚ್ಚುವರಿ ನಾಲ್ಕು ವೆನೀರ್‌ಗಳ ಬದಲಿಗಾಗಿ ಇಪ್ಪತ್ತು ವರ್ಷದಲ್ಲಿ ಸರಾಸರಿ ನಿರೀಕ್ಷಿಸಬೇಕಾದ ವೆಚ್ಚ, ಹಲ್ಲೊಂದಕ್ಕೆ 18,000ದಂತೆ, ಸುಮಾರು 12,300 ರೂಪಾಯಿ. ರಿಯಾಯಿತಿ ಇಂದು ಕೈಗೆ ಬರುತ್ತದೆ, ಅದನ್ನು ಮೀರಿದ ಖರ್ಚು ಮುಂದೆ ಕಾದಿರುತ್ತದೆ. ಒಮ್ಮೆ ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ. ಆದ್ದರಿಂದ ವೆನೀರ್ ಬೇಡವೆಂದು ಹಿಂದಿರುಗುವ ದಾರಿ ಆ ಹಲ್ಲಿಗೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಪ್ರತಿ ಬದಲಿಯಲ್ಲೂ ಇನ್ನಷ್ಟು ಎನಾಮಲ್ ಹೋಗುವ ಅಪಾಯವಿದೆ, ಮತ್ತು ಡೆಂಟಿನ್ ತೆರೆದುಕೊಂಡಷ್ಟೂ ಅಂಟಿನ ಹಿಡಿತ ದುರ್ಬಲವಾಗುತ್ತದೆ.

ಹಾಗಾದರೆ ಫ್ಲೋರೋಸಿಸ್ ಇರುವವರಿಗೆ ಹತ್ತು ಹಲ್ಲಿನ ವೆಚ್ಚ ಅನಿವಾರ್ಯವೇ? ಬಹಳ ಜನರಿಗೆ ಅಲ್ಲ. ಹಗುರವಾದ ಫ್ಲೋರೋಸಿಸ್‌ನಲ್ಲಿ ಕಲೆ ಎನಾಮಲಿನ ಹೊರಪದರದಲ್ಲೇ ಇರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಣ್ಣ ಉಜ್ಜುಕಣಗಳ ಲೇಪದಿಂದ ಆ ಪದರವನ್ನು ಅತಿ ತೆಳುವಾಗಿ ತೆಗೆಯುವ ಸೂಕ್ಷ್ಮ ಉಜ್ಜುವಿಕೆ, ಪೆರಾಕ್ಸೈಡ್ ಬಳಸಿ ಹಲ್ಲನ್ನು ಬಿಳಿಯಾಗಿಸುವ ಬ್ಲೀಚಿಂಗ್, ಬಿಳಿ ಮಚ್ಚೆಯ ರಂಧ್ರಗಳೊಳಗೆ ತೆಳು ರಾಳವನ್ನು ಇಳಿಸುವ ವಿಧಾನ ಇವುಗಳಲ್ಲಿ ಒಂದೋ ಎರಡೋ ಸೇರಿ ಬಹಳಷ್ಟು ಹಲ್ಲುಗಳನ್ನು ಸರಿಪಡಿಸಬಲ್ಲವು. ಬ್ಲೀಚಿಂಗಿನ ವೆಚ್ಚ ಹಲ್ಲುಗಳ ಸಂಖ್ಯೆಯನ್ನು ಅವಲಂಬಿಸುವುದಿಲ್ಲ, ಏಕೆಂದರೆ ಒಂದೇ ಅಚ್ಚಿನ ತಟ್ಟೆಯಲ್ಲಿ ಇಡೀ ಸಾಲಿಗೆ ಔಷಧಿ ತಗಲುತ್ತದೆ. ಇವನ್ನು ಮೊದಲು ಮಾಡಿ, ಬಣ್ಣ ಸ್ಥಿರವಾಗಲು ಎರಡು ವಾರವಾದರೂ ಬಿಟ್ಟು, ಇನ್ನೂ ಕಲೆ ಉಳಿದ ಅಥವಾ ಮೈ ಗುಳಿಬಿದ್ದ ಹಲ್ಲುಗಳಿಗೆ ಮಾತ್ರ ವೆನೀರ್ ಹಾಕಿದರೆ ಹತ್ತರ ಸಂಖ್ಯೆ ನಾಲ್ಕಕ್ಕೋ ಎರಡಕ್ಕೋ ಇಳಿಯಬಹುದು. ತೀವ್ರ ಫ್ಲೋರೋಸಿಸ್‌ನಲ್ಲಿ, ಎನಾಮಲ್ ಆಳದವರೆಗೆ ರಂಧ್ರಮಯವಾಗಿ ಉದುರುತ್ತಿರುವಾಗ, ಹೆಚ್ಚು ಹಲ್ಲುಗಳ ಚಿಕಿತ್ಸೆ ನ್ಯಾಯವಾದದ್ದೇ.

ಉತ್ತರ ಬೆಂಗಳೂರಿನ ನಿವಾಸಿಗಳಿಗೆ ಎರಡನೆಯ ಅಭಿಪ್ರಾಯ ಪಡೆಯಲು ಬೋಧನಾ ಆಸ್ಪತ್ರೆಗಳು ಹತ್ತಿರದಲ್ಲೇ ಇವೆ: ಯಲಹಂಕದಾಚೆ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತವೈದ್ಯಕೀಯ ಕಾಲೇಜು, ಯಶವಂತಪುರದ ಬಳಿ ತುಮಕೂರು ರಸ್ತೆಯ ಕೆಎಲ್‌ಇ ಸಂಸ್ಥೆಯ ದಂತವೈದ್ಯಕೀಯ ಕಾಲೇಜು, ಮತ್ತಿಕೆರೆಯ ಹತ್ತಿರದ ರಾಮಯ್ಯ ದಂತವೈದ್ಯಕೀಯ ಕಾಲೇಜು. ಕೋಟೆ ಪ್ರದೇಶದ ಸರ್ಕಾರಿ ದಂತವೈದ್ಯಕೀಯ ಕಾಲೇಜಿಗೂ ಹೋಗಬಹುದು. ಇಂತಹ ಕಡೆ ಸಮಯ ಹೆಚ್ಚು ಬೇಕಾಗುತ್ತದೆ, ಆದರೆ ಚಿಕಿತ್ಸೆಯ ಯೋಜನೆಯನ್ನು ಅಧ್ಯಾಪಕರು ಪರಿಶೀಲಿಸುತ್ತಾರೆ. ಖಾಸಗಿ ಚಿಕಿತ್ಸಾಲಯಗಳ ವಿಷಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು ಶುಲ್ಕದ ವಿವರವನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕೆಂದು ಹೇಳುತ್ತದೆ. ತೆರಿಗೆಯ ವಿಷಯವನ್ನೂ ಮೊದಲೇ ಕೇಳಿಕೊಳ್ಳಬೇಕು: 2017ರ ಜಿಎಸ್‌ಟಿ ಅಧಿಸೂಚನೆ ವೈದ್ಯಕೀಯ ಸೇವೆಗೆ ವಿನಾಯಿತಿ ಕೊಟ್ಟರೂ, ಹುಟ್ಟುದೋಷ, ಬೆಳವಣಿಗೆಯ ವೈಪರೀತ್ಯ, ಗಾಯಗಳನ್ನು ಸರಿಪಡಿಸುವುದರ ಹೊರತಾದ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ.

ವೆನೀರಿಗೆ ಒಪ್ಪಿಗೆ ಕೊಡುವ ಮುನ್ನ ಓದುಗರು ಒಂದು ಹಾಳೆಯನ್ನು ಕೇಳಿ ಪಡೆಯಬೇಕು: ಅದರಲ್ಲಿ 11, 21, 12 ಎಂದು ಪ್ರತಿ ಹಲ್ಲಿನ ಸಂಖ್ಯೆ, ಅದರ ಎದುರು ಆ ಹಲ್ಲಿನ ದೋಷ, ಅದಕ್ಕೆ ಬ್ಲೀಚಿಂಗ್ ಅಥವಾ ಕಾಂಪೋಸಿಟ್ ಏಕೆ ಸಾಲದು ಎಂಬ ಕಾರಣ, ಒಡೆದರೆ ಒಂದನ್ನು ಬದಲಿಸಲು ತಗಲುವ ಮೊತ್ತ ಇಷ್ಟೂ ಬರವಣಿಗೆಯಲ್ಲಿರಬೇಕು. ಯಾವ ಹಲ್ಲಿನ ಎದುರು ದೋಷವೇನೆಂದು ಬರೆಯಲು ಸಾಧ್ಯವಾಗುವುದಿಲ್ಲವೋ, ಆ ಹಲ್ಲನ್ನು ಎಷ್ಟೇ ರಿಯಾಯಿತಿ ಸಿಕ್ಕರೂ ತೇಯಲು ಬಿಡಬಾರದು.